ಮಣ್ಣಿನ ಗೋಡೆಯ ಹಿಂದಿನವರು

ಡಿಸೆಂಬರ್ 18, 1814. ನ್ಯೂ ಓರ್ಲಿಯನ್ಸ್

ಇಂದು ಚರ್ಚಿನ ಮುಂದಿನ ಚೌಕದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಅಮೆರಿಕದ ಸೈನ್ಯದ ಜನರಲ್ ಸಾಹೇಬರ ಪ್ರಕಟಣೆ ಓದಿದರು. ಅದರಲ್ಲಿ ನಮ್ಮನ್ನು ‘ಸಿಪಾಯಿಗಳೇ’ ಎಂದು ಕರೆದಿದ್ದರು. ಐದು ವರ್ಷದ ಹಿಂದೆ ಕ್ಯೂಬಾದಿಂದ ಬಂದಾಗ ಇದೇ ಊರು ಮೂರು ವಾರ ನಮ್ಮನ್ನು ಹಡಗಿನಿಂದ ಕೆಳಗಿಳಿಯಲು ಬಿಟ್ಟಿರಲಿಲ್ಲ. ಇಳಿದ ಮೇಲೂ ಅಷ್ಟೆ. ನಾನು ಫ್ರೆಂಚರ ದ್ವೀಪವಾಗಿದ್ದ ಸಾಂ-ದೊಮಾಂಗ್‌ನಲ್ಲಿ ಹುಟ್ಟಿದ ಸ್ವತಂತ್ರ ಕರಿಯ, ಪೀಪಾಯಿ ಮಾಡುವ ಕಸುಬಿನವನು. ಆದರೂ ಬೀದಿಯಲ್ಲಿ ಯಾವ ಬಿಳಿಯ ತಡೆದರೂ ಎದೆಯ ಜೇಬಿನಿಂದ ಪತ್ರ ತೆಗೆದು, ನಾನು ಯಾರ ಗುಲಾಮನೂ ಅಲ್ಲ ಎಂದು ತೋರಿಸಬೇಕು.

ಈಗ ಇಂಗ್ಲಿಷರ ಹಡಗುಗಳು ಊರಿನ ಪೂರ್ವಕ್ಕಿರುವ ಸರೋವರದ ಬಾಯಿಗೆ ಬಂದು ನಿಂತಿವೆ. ಯೂರೋಪನ್ನೇ ಸೋಲಿಸಿ ಬಂದ ಸೈನ್ಯ ಎನ್ನುತ್ತಾರೆ. ಊರಿಗೆ ನಮ್ಮ ನೆನಪಾಗಿದೆ.

ಅಕ್ಕ ಉರ್ಸುಲ್ ಅಕ್ಕಿ ಬೋಂಡ ಕರಿಯುತ್ತಲೇ ನನ್ನ ಮಾತು ಕೇಳಿಸಿಕೊಂಡಳು. “ಸಿಪಾಯಿಗಳೇ ಅಂದ್ರಂತಾ? ನೆಟ್ಟಗೆ ಕಾಲಿಗೆ ಜೋಡಿಲ್ಲ, ಇವನೊಬ್ಬ ಸಿಪಾಯಿ. ಅಪ್ಪನೂ ಹಿಂಗೇ ಎದೆ ಉಬ್ಬಿಸ್ಕೊಂಡು ಹೋಗಿದ್ದು ಕಣೋ. ಫ್ರೆಂಚರು ಏನ್ ಕೊಟ್ರು ಅವನಿಗೆ?”

“ಬಿಳಿಯರಿಗೆ ಕೊಟ್ಟಷ್ಟೇ ಸಂಬಳ, ಅಷ್ಟೇ ಭೂಮಿ ಕೊಡ್ತಾರಂತೆ ಅಕ್ಕಾ. ಬರವಣಿಗೇಲಿದೆ.”

“ಬರವಣಿಗೇಲಿ ಎಲ್ಲಾ ಇರುತ್ತೆ.”

ಭೂಮಿಯ ಆಸೆ ನನಗೆ ಅಷ್ಟಿಲ್ಲ. ಕೋವಿ ಹೆಗಲಿಗೇರಿಸಿ ನಡುಬೀದಿಯಲ್ಲಿ ನಡೆದು ಹೋಗುವಾಗ ಈ ಊರಿನ ಬಿಳಿಯರು ದಾರಿ ಬಿಡಬೇಕು. ಅದನ್ನು ನೋಡಬೇಕು ನಾನು.

ಡಿಸೆಂಬರ್ 24

ನಿನ್ನೆ ಸಂಜೆ ಕತ್ತಲಾಗುತ್ತಿದ್ದಂತೆ ಊರಿಂದ ಎರಡು ಹರಿದಾರಿ ಕೆಳಗೆ ಇಂಗ್ಲಿಷರ ಬಿಡಾರದ ಮೇಲೆ ಬಿದ್ದೆವು. ಅವರು ಇನ್ನೂ ಗಂಜಿ ಕಾಯಿಸಿಕೊಳ್ಳುತ್ತಿದ್ದರು. ಹೊಗೆ, ಮಂಜು, ಯಾರು ಯಾರಿಗೆ ಹೊಡೆದರೋ ತಿಳಿಯದು. ನನ್ನ ಅಂಗಡಿಯ ಪಾಲುದಾರ ಬಾಲ್ತಾಜಾರ್ ಪಕ್ಕದಲ್ಲೇ ಇದ್ದ. ಎಲ್ಲ ಮುಗಿದ ಮೇಲೆ, “ಆನ್ಸೆಲ್ಮ್, ನಾನು ಹೊಡ್ದಿದ್ದು ಇಂಗ್ಲಿಷನಿಗೋ ಕಬ್ಬಿಗೋ ದೇವ್ರಾಣೆ ಗೊತ್ತಿಲ್ಲ. ಆದ್ರೆ ಅದು ಬಿತ್ತು” ಎಂದ. ಇಬ್ಬರೂ ನಕ್ಕೆವು. 

ಇಂದು ಹಿಂದೆ ಸರಿದು ಒಂದು ಹಳೆಯ ಕಾಲುವೆಯ ಹಿಂದೆ ನಿಂತಿದ್ದೇವೆ. ಬಲಕ್ಕೆ ನದಿ, ಎಡಕ್ಕೆ ಸೈಪ್ರೆಸ್ ಮರಗಳ ಜೌಗು. ನಡುವೆ ಅರ್ಧ ಹರಿದಾರಿಯೂ ಇಲ್ಲದ ಬಯಲು. ಊರಿಗೆ ಹೋಗಬೇಕಾದವನು ಇದೇ ಬಯಲಲ್ಲಿ ಬರಬೇಕು. ಇಲ್ಲಿ ಮಣ್ಣಿನ ಗೋಡೆ ಏಳಬೇಕಂತೆ.

ಡಿಸೆಂಬರ್ 25

ಕ್ರಿಸ್‌ಮಸ್. ಪೂಜೆ ಇಲ್ಲ, ಊಟ ಇಲ್ಲ. ತೋಟಗಳಿಂದ ನೂರಾರು ಗುಲಾಮರನ್ನು ಕರೆತಂದಿದ್ದಾರೆ, ಅಗೆಯಲು. ನಮಗೂ ಸಲಿಕೆ ಹಿಡಿಯಲು ಹೇಳಿದರು. ಬಿಳಿಯರ ತುಕಡಿಗಳೂ ಅಗೆಯುತ್ತಿವೆ ನಿಜ. ಆದರೆ ಬಿಳಿಯ ಸಲಿಕೆ ಹಿಡಿದರೆ ಅವನನ್ನು ಗುಲಾಮ ಎಂದು ಯಾರೂ ತಿಳಿಯುವುದಿಲ್ಲ. ನಾನು ಕೋವಿ ಒರೆಸುವ ನೆಪದಲ್ಲಿ ದೂರ ನಿಂತೆ.

ಗುಂಡಿಯೊಳಗೆ ಒಬ್ಬ ಎತ್ತರದ ಗುಲಾಮ. ಒಂದು ಕಿವಿಯ ತುದಿ ಕತ್ತರಿಸಿದ್ದಾರೆ, ಅಂದರೆ ಒಮ್ಮೆ ಓಡಿಹೋಗಿ ಸಿಕ್ಕಿಬಿದ್ದವನು. ನನ್ನನ್ನು ನೋಡಿ ನಮ್ಮದೇ ಫ್ರೆಂಚ್ ಆಡುಮಾತಿನಲ್ಲಿ, “ಯಜಮಾನ್ರೇ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಮಣ್ಣು ಹಾರಿ ಮೈಮೇಲೆ ಬಿದ್ರೆ ನನ್ನ ಥರಾನೇ ಕಾಣ್ತೀರ” ಎಂದ.

ಸುತ್ತಲಿದ್ದವರು ನಕ್ಕರು. ಬಾಲ್ತಾಜಾರ್ ಕೂಡ.

“ಬಾಯ್ಮುಚ್ಕೊಂಡು ಅಗಿ” ಎಂದೆ.

“ಅಗೀತಾ ಇದ್ದೀನಿ ಯಜಮಾನ್ರೇ. ನಿಮ್ಮ ತಲೆ ಉಳೀಲಿ ಅಂತಾನೇ.”

ಆ ಗುಲಾಮನ ಸೊಕ್ಕು ನೋಡಿದರೆ ಇನ್ನೊಂದು ಕಿವಿಯೂ ಹೋಗುತ್ತದೆ.

ಡಿಸೆಂಬರ್ 27

ಮೂರಡಿ ಅಗೆದರೆ ನೀರು. ಹಾಕಿದ ಮಣ್ಣು ಗಂಜಿಯ ಹಾಗೆ ಜಾರಿ ಮತ್ತೆ ಕಾಲುವೆಗೇ ಬೀಳುತ್ತದೆ. ಎರಡು ದಿನದ ಕೆಲಸ ನೀರು ಪಾಲು. ಅಧಿಕಾರಿಗಳು ಕೂಗಾಡುತ್ತಿದ್ದರು. ಆ ಕಿವಿ ಕತ್ತರಿಸಿದವನು, ಜೆನೋಂ ಅಂತೆ ಹೆಸರು, ಫಾರ್ಜೋ ಎಂಬವನ ತೋಟದವನು, ಯಾರಿಗೂ ಹೇಳದೆ ಬೇಲಿಯ ಹಲಗೆಗಳನ್ನು ಕಿತ್ತು ತಂದು ಒಳಬದಿಗೆ ನಿಲ್ಲಿಸತೊಡಗಿದ. ಯೋಚನೆ ಸರಿ, ಆದರೆ ನಿಲ್ಲಿಸಿದ ರೀತಿ ನೋಡಲಾಗಲಿಲ್ಲ. ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದು. ನಾನು ಮೂವತ್ತು ವರ್ಷ ಹಲಗೆ ಕೂಡಿಸಿದವನು. ತಡೆಯಲಾರದೆ ಕೋಟು ಬಿಚ್ಚಿಟ್ಟು ಇಳಿದೆ.

“ಹಂಗಲ್ಲ. ಅಂಚು ಓರೆ ಮಾಡು. ಒಂದರ ಬೆನ್ನಿಗೆ ಇನ್ನೊಂದು ಒರಗ್ಬೇಕು. ಮಣ್ಣು ತಳ್ಳಿದಷ್ಟೂ ಬಿಗಿಯಾಗ್ಬೇಕು.”

“ಎಲ್ಲಿ ಕಲಿತ್ರಿ?”

“ಪೀಪಾಯಿ ಮಾಡ್ತೀನಿ.”

“ಹಾಗಾದ್ರೆ ಇದೂ ಪೀಪಾಯೀನೇ ಅಂದ್ಕೊಳ್ಳಿ. ಒಳಗೆ ಹೆಂಡದ ಬದಲು ನಾವಿದ್ದೀವಿ.”

ಸಂಜೆಯವರೆಗೆ ಮಾಡಿದೆವು. ಗೋಡೆ ನಿಂತಿತು. ಮಿಕ್ಕವರೂ ಅದನ್ನೇ ನೋಡಿ ಹಲಗೆ ಹಾಕತೊಡಗಿದರು. ನಾನು ಇಳಿದದ್ದು ಕೆಲಸ ಕೆಡುತ್ತಿತ್ತು ಎಂದಷ್ಟೇ. ಅಂಗೈಯಲ್ಲಿ ನಾಲ್ಕು ಬೊಬ್ಬೆ.

ಡಿಸೆಂಬರ್ 28

ಕೆಂಪು ಕೋಟಿನವರು ಎರಡು ಸಾಲಾಗಿ ಬಂದರು. ನಮ್ಮ ತೋಪುಗಳು ಹೊಡೆದವು. ಹಿಂದೆ ಹೋದರು. ಗೋಡೆ ಅಲುಗಲಿಲ್ಲ.

ಜನವರಿ 1, 1815

ಬೆಳಿಗ್ಗೆ ಮಂಜು ಹರಿಯುತ್ತಿದ್ದಂತೆ ಇಂಗ್ಲಿಷರ ತೋಪುಗಳು ಒಮ್ಮೆಲೇ ಶುರುವಾದವು. ಯಾರೋ ಬುದ್ಧಿವಂತರು ನಮ್ಮ ತೋಪುಗಳ ಸುತ್ತ ಅರಳೆ ಅಂಡಿಗೆಗಳನ್ನು, ಎಂದರೆ ಹತ್ತಿಯ ದೊಡ್ಡ ಮೂಟೆಗಳನ್ನು, ಪೇರಿಸಿದ್ದರು. ಅವಕ್ಕೆ ಬೆಂಕಿ ಹತ್ತಿ ಹೊಗೆಯಲ್ಲಿ ಯಾರಿಗೂ ಕಣ್ಣು ಕಾಣದಂತಾಯಿತು. ಜೆನೋಂ ಮತ್ತು ಇನ್ನು ನಾಲ್ವರು ಗುಂಡು ಬೀಳುತ್ತಿರುವಾಗಲೇ ಉರಿಯುವ ಅಂಡಿಗೆಗಳನ್ನು ಕಾಲುವೆಗೆ ನೂಕಿದರು. ಯಾರೂ ಅವರಿಗೆ ಹೇಳಿರಲಿಲ್ಲ. ಅಂಡಿಗೆ ಹೋದ ಮೇಲೆ ಉಳಿದದ್ದು ನಮ್ಮ ಕೆಸರು. ಗುಂಡು ಬಂದು ಬಿದ್ದರೆ ಗುಳುಕ್ಕೆಂದು ನುಂಗಿ ಸುಮ್ಮನಾಗುತ್ತಿತ್ತು.

ಇಂಗ್ಲಿಷರು ತಮ್ಮ ತೋಪುಗಳಿಗೆ ಮರೆಯಾಗಿ ತೋಟಗಳಿಂದ ಸಕ್ಕರೆ ಪೀಪಾಯಿಗಳನ್ನು ಉರುಳಿಸಿ ತಂದು ನಿಲ್ಲಿಸಿದ್ದರು. ದೂರದಿಂದಲೇ ನನಗೆ ಗುರುತು ಸಿಕ್ಕಿತು. ಅದರಲ್ಲಿ ಕೆಲವು ನಾವು ಮಾಡಿದವು. ಸಕ್ಕರೆ ಮರಳಲ್ಲ. ನಮ್ಮ ಗುಂಡು ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬಿತ್ತು. ಮಧ್ಯಾಹ್ನದ ಹೊತ್ತಿಗೆ ಅವರ ಅರ್ಧ ತೋಪುಗಳು ಬಾಯಿ ಮುಚ್ಚಿದ್ದವು. ಬಾಲ್ತಾಜಾರ್‌ಗೆ ಎಲ್ಲಿಲ್ಲದ ಕೋಪ. “ಎಂಥಾ ಓಕ್ ಮರ ಹಾಕಿದ್ವು ಆನ್ಸೆಲ್ಮ್! ಅದನ್ನ ತಗೊಂಡ್ಹೋಗಿ ಗೋಡೆ ಕಟ್ಟಿದಾರಲ್ಲ, ಮುಟ್ಠಾಳ್ರು!”

ನಮ್ಮ ಎಡಕ್ಕಿರುವ ತೋಪು ಹಾರಿಸುವವರು ಕಡಲ್ಗಳ್ಳರು. ಹೋದ ವರ್ಷ ಇದೇ ಊರಿನ ಜೈಲಿನಲ್ಲಿದ್ದವರು. ಒಂದು ಗುಂಡೂ ಹುಸಿ ಹೋಗಲಿಲ್ಲ. ಅವರ ಜೊತೆ ಕಾಫಿ ಕುಡಿದೆ.

ಜನವರಿ 4

ಟೆನೆಸಿಯ ಕಾಡಿನವನೊಬ್ಬ ನಮ್ಮ ಜಾಗಕ್ಕೆ ಬಂದು ಕೂರುತ್ತಾನೆ. ಎಲ್ಕಾನಾ ಅಂತ. ಆಳೆತ್ತರದ ಕೋವಿ, ಸ್ನಾನ ಕಂಡು ತಿಂಗಳಾದ ಮೈ, ಬಾಯ್ತುಂಬ ಹೊಗೆಸೊಪ್ಪು. ಬಿಳಿಯನಾದರೂ ನಮ್ಮ ಸೌಟಿನಿಂದಲೇ ಬಡಿಸಿಕೊಂಡು ಉಂಡ. ಬಂದರಿನಲ್ಲಿ ಕಲಿತ ನನ್ನ ಹರುಕು ಇಂಗ್ಲಿಷಿನಲ್ಲಿ ಮಾತಾಡುತ್ತೇನೆ. ಇಂದು ಕೆಂಟಕಿಯಿಂದ ಎರಡು ಸಾವಿರ ಜನ ಬಂದರು, ಮುಕ್ಕಾಲು ಪಾಲಿನವರಿಗೆ ಕೋವಿಯೇ ಇಲ್ಲ. ಚಡ್ಡಿ ಹರಿದು ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದರು.

“ಕೋವಿ ಇಲ್ದೆ ಯಾಕ್ ಬಂದ್ರು?” ಎಂದೆ.

ಎಲ್ಕಾನಾ ಉಗಿದ. “ಕೋವಿ ಹಿಂದೆ ಬರ್ತಿದೆ ಅಂತ ಯಾರೋ ಹೇಳಿರ್ತಾರೆ. ನಮಗೂ ಹಂಗೇ ಹೇಳಿದ್ರು.”

ಊರಿನ ಹೆಂಗಸರೆಲ್ಲ ಕಂಬಳಿ ಕತ್ತರಿಸಿ ಅವರಿಗೆ ಬಟ್ಟೆ ಹೊಲಿಯುತ್ತಿದ್ದಾರೆ. ಉರ್ಸುಲ್ ಕೂಡ. ಬೋಂಡದ ಬುಟ್ಟಿ ಹೊತ್ತು ಗೋಡೆಯವರೆಗೂ ಬಂದು ಬಯ್ಯುತ್ತ ಬಯ್ಯುತ್ತ ಎಲ್ಲರಿಗೂ ಹಂಚಿದಳು. ಜೆನೋಂಗೆ ಎರಡು ಕೊಟ್ಟಳು.

ಅಗೆಯುವವರ ಬಳಿಗೆ ಒಬ್ಬ ಅಧಿಕಾರಿ ಬಂದಿದ್ದ. ಗೆದ್ದ ಮೇಲೆ ನಿಮಗೆಲ್ಲ ಬಿಡುಗಡೆ ಎಂದು ಹೇಳಿದ. ನಾನು ನನ್ನ ಕಿವಿಯಾರೆ ಕೇಳಿದೆ. ಜೆನೋಂ ಆಮೇಲೆ ನನ್ನನ್ನು ಕೇಳಿದ: “ನಿಮ್ಮ ಹತ್ರ ಆ ಪತ್ರ ಇದೆಯಲ್ಲ, ಒಮ್ಮೆ ತೋರ್ಸಿ.” ತೋರಿಸಿದೆ. ಓದಲು ಬರುವುದಿಲ್ಲ ಅವನಿಗೆ. ಕೈ ಒರೆಸಿಕೊಂಡು ಹಿಡಿದು, ಬಹಳ ಹೊತ್ತು ನೋಡಿ, ಮಡಿಸಿದ ಗೆರೆಯಲ್ಲೇ ಮಡಿಸಿ ಕೊಟ್ಟ.

ಜನವರಿ 9

ನಿನ್ನೆ ನಡೆದದ್ದನ್ನು ಇಂದು ಬರೆಯುತ್ತಿದ್ದೇನೆ.

ಬೆಳಗಿನ ಜಾವ ದಟ್ಟ ಮಂಜು. ಅದರೊಳಗಿಂದ ಇಂಗ್ಲಿಷರ ಸಂಕೇತದ ಬೆಂಕಿಬಾಣವೊಂದು ಆಕಾಶಕ್ಕೆ ಚಿಮ್ಮಿತು. ನಮ್ಮ ಕ್ಯಾಪ್ಟನ್, ನಮ್ಮ ಹಾಗೇ ಸ್ವತಂತ್ರ ಕರಿಯರು, “ಯಾರೂ ಆತುರ ಪಡ್ಬೇಡ್ರಪ್ಪಾ, ಗುಂಡಿ ಕಾಣ್ಲಿ, ಕೋಟಿನ ಗುಂಡಿ” ಎಂದರು. ಮಂಜು ಯಾರೋ ಪರದೆ ಸರಿಸಿದ ಹಾಗೆ ಎದ್ದುಹೋಯಿತು. ಬಯಲು ತುಂಬ ಕೆಂಪು. ನೆಟ್ಟಗೆ, ಭುಜಕ್ಕೆ ಭುಜ ತಾಗಿಸಿ, ನಗಾರಿಗೆ ಹೆಜ್ಜೆ ಹಾಕುತ್ತ ಬರುತ್ತಿದ್ದರು. ಅಷ್ಟು ಚೆಂದವಾಗಿ ಸಾಯಲು ಬಂದವರನ್ನು ನಾನು ಎಲ್ಲೂ ನೋಡಿಲ್ಲ.

ಕಡಲ್ಗಳ್ಳರ ತೋಪು ಮೊದಲು ಹೊಡೆಯಿತು. ಆಮೇಲೆ ಕಾಡಿನವರು ನಾಲ್ಕು ಸಾಲಾಗಿ ನಿಂತು, ಒಬ್ಬ ಹೊಡೆದು ಹಿಂದೆ ಸರಿದರೆ ಇನ್ನೊಬ್ಬ ಮುಂದೆ ಬಂದು, ಕೈ ಬಿಡದೆ ಹೊಡೆದರು. ಕೋವಿ ಇಲ್ಲದ ಕೆಂಟಕಿಯವರು ಹಿಂದೆ ಕೂತು ಇದ್ದವರಿಗೆ ಮದ್ದು ತುಂಬಿ ಕೊಟ್ಟರು. ನನಗೆ ತುಂಬಿ ಕೊಟ್ಟವನು ಜೆನೋಂ. ಯಾವಾಗ ಕಲಿತನೋ. ಜೌಗಿನಲ್ಲಿ ನಮ್ಮ ಕಡೆಗೆ ಬಂದಿದ್ದ ಚೋಕ್ಟಾ ಬುಡಕಟ್ಟಿನ ಜನ ಮರದಿಂದ ಮರಕ್ಕೆ ಹಾರುತ್ತ ಆ ಕಡೆಯಿಂದ ಒಬ್ಬನನ್ನೂ ನುಸುಳಲು ಬಿಡಲಿಲ್ಲ.

ಕೆಂಪು ಕೋಟಿನವರು ಕಾಲುವೆಯ ಅಂಚಿನವರೆಗೂ ಬಂದರು. ಬಂದು ನಿಂತರು. ನಮಗೆ ಅರ್ಥವಾಗಲಿಲ್ಲ. ಎಲ್ಕಾನಾ ಕೂಗಿದ, “ಏಣಿ! ಏಣಿ ತರೋದು ಮರ್ತಿದಾರೆ ಕಣ್ರೋ!” ನಿಜ. ಅಲ್ಲಿ ನಿಂತು ಹಿಂದಿನವರಿಗಾಗಿ ಕಾಯತೊಡಗಿದರು. ಏಣಿಗಾಗಿ, ಅಪ್ಪಣೆಗಾಗಿ. ಅಪ್ಪಣೆ ಕೊಡುವವರು ಆಗಲೇ ಕುದುರೆಯಿಂದ ಬಿದ್ದಿದ್ದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಬಯಲಿನಲ್ಲಿ ಎರಡು ಸಾವಿರ ಜನ ಬಿದ್ದಿದ್ದರಂತೆ. ನದಿಯ ಆಚೆ ದಡದಲ್ಲಿ ನಮ್ಮವರು ಓಡಿದರೆಂದು ಸುದ್ದಿ. ಇಲ್ಲಿ ನಾವು ಓಡಲಿಲ್ಲ.

ಹೊಗೆ ತಿಳಿಯಾದ ಮೇಲೆ ಎದುರಿನ ಹಳ್ಳದಲ್ಲಿ ಅಡಗಿದ್ದ ಕೆಲವರು ಇನ್ನೂ ಹೊಡೆಯುತ್ತಿದ್ದರು. ನಮ್ಮಲ್ಲಿ ಹತ್ತು ಹನ್ನೆರಡು ಜನ ಯಾರ ಅಪ್ಪಣೆಯನ್ನೂ ಕೇಳದೆ ಗೋಡೆ ಹಾರಿದೆವು. ಅವರನ್ನು ಓಡಿಸಿದೆವು. ಬರುವಾಗ ಒಬ್ಬ ಇಂಗ್ಲಿಷ್ ಸಿಪಾಯಿ, ಕಾಲು ಹೋಗಿತ್ತು, ನೀರು ಬೇಡಿದ. ಬಾಲ್ತಾಜಾರ್ ಬಗ್ಗಿ ಅವನನ್ನು ಬೆನ್ನಿಗೆ ಹಾಕಿಕೊಂಡ. ಅಷ್ಟರಲ್ಲಿ ಎಲ್ಲಿಂದಲೋ ಗುಂಡು ಬಂತು. ಇಬ್ಬರಿಗೂ ತೂರಿತು.

ಗೋಡೆಯ ಈಚೆಗೆ ಬಾಲ್ತಾಜಾರ್‌ನನ್ನು ಹೊತ್ತು ತಂದದ್ದು ನಾನು ಮತ್ತು ಜೆನೋಂ.

ಜನವರಿ 10

ಬಾಲ್ತಾಜಾರ್‌ನನ್ನು ಮಣ್ಣು ಮಾಡಿ ಬಂದೆವು. ಗುಂಡಿ ತೋಡಿದ್ದು ಜೆನೋಂ. ಒಂದು ಸಲಿಕೆ ನಾನು ಹಿಡಿದೆ.

ಜನವರಿ 14

ಊರಿನಲ್ಲಿ ಈಗ ಎಲ್ಲರೂ ಗೆಲುವಿನ ಕಾರಣ ಬಲ್ಲವರೇ. ಕಾಡಿನವರ ಗುರಿ ಎನ್ನುವವರು ಹಲವರು, ಜನರಲ್ ಸಾಹೇಬರ ತಲೆ ಎನ್ನುವವರು ಹಲವರು. ಕನ್ಯಾಸ್ತ್ರೀಯರ ಮಠದಲ್ಲಿ ರಾತ್ರಿಯಿಡೀ ಮಾಡಿದ ಪ್ರಾರ್ಥನೆ ಎಂದು ಉರ್ಸುಲ್. ಇಂದು ಬೆಂಕಿಯ ಸುತ್ತ ಇದೇ ಮಾತು ಬಂತು.

“ಏಣಿ ಮರೆತ್ರು, ಸೋತ್ರು. ಅಷ್ಟೇ ಕಥೆ” ಎಂದ ಎಲ್ಕಾನಾ.

ಜೆನೋಂಗೆ ನಾನು ಅದನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳಿದೆ. ಅವನು ಕೆಂಡ ಕೆದಕುತ್ತ, “ಏಣಿ ನಮ್ಮೋರು ಮರೆತಿದ್ರೆ?” ಎಂದ. “ನೀನು ಮೂರು ಹಲಗೆ ಕೂಡಿಸ್ತಿದ್ದೆ. ಆ ಕಳ್ಳರು ಹಗ್ಗ ಎಸೀತಿದ್ರು. ಇವನು ಮರ ಹತ್ತೋ ಹಂಗೆ ಹತ್ತೋನು. ಕೇಳೋಕೆ ಯಾರ್ ಕಾಯ್ತಿದ್ರು?”

ಎಲ್ಕಾನಾಗೆ ತಿಳಿಸಿದೆ. ಅವನು ಹೊಗೆಸೊಪ್ಪು ಕಚ್ಚಿ ಜೆನೋಂ ಕಡೆ ಚಾಚಿದ.

ನಾನು ಇದನ್ನು ಮತ್ತೆ ಮತ್ತೆ ಯೋಚಿಸುತ್ತಿದ್ದೇನೆ. ಇಲ್ಲಿ ನಿಂತವರಲ್ಲಿ ಒಬ್ಬರ ಮೇಲೂ ಈ ಊರಿಗೆ ನಂಬಿಕೆ ಇರಲಿಲ್ಲ. ಹಾಗಾಗಿ ಯಾರೋ ಬಂದು ನಮ್ಮನ್ನು ಉಳಿಸುತ್ತಾರೆ, ಹೇಗೆ ಮಾಡಬೇಕೆಂದು ಹೇಳುತ್ತಾರೆ ಎಂದು ಕಾದು ಕೂರುವ ಅಭ್ಯಾಸ ನಮಗೆ ಯಾರಿಗೂ ಇಲ್ಲ. ಗೋಡೆ ಜಾರಿದಾಗ ಕೈ ತಾನಾಗಿ ಹೋಯಿತು.

ಜನವರಿ 17

ಇಂದು ಫಾರ್ಜೋನ ಮೇಸ್ತ್ರಿ ಕುದುರೆಯ ಮೇಲೆ ಬಂದ. ಕಬ್ಬು ಕೊಯ್ಲು ನಿಂತಿದೆ, ಗುಲಾಮರನ್ನೆಲ್ಲ ನಾಳೆ ಬೆಳಿಗ್ಗೆ ತೋಟಕ್ಕೆ ಹೊಡೆದುಕೊಂಡು ಹೋಗುತ್ತೇನೆ ಎಂದ. ನಾನು ಆ ಅಧಿಕಾರಿಯನ್ನು ಹುಡುಕಿಕೊಂಡು ಹೋದೆ.

“ಸ್ವಾಮಿ, ಬಿಡುಗಡೆ ಅಂತ ಮಾತು ಕೊಟ್ಟಿದ್ರಿ.”

“ನಾನಾ? ಯಾರಿಗೆ?”

“ಗುಂಡಿಯೊಳಗಿದ್ದವರಿಗೆ. ನಾಲ್ಕನೇ ತಾರೀಖು. ನಾನೇ ಅಲ್ಲಿದ್ದೆ.”

“ಬೇರೆಯವರ ಆಸ್ತೀನ ನಾನು ಹೆಂಗಯ್ಯಾ ಬಿಡುಗಡೆ ಮಾಡ್ಲಿ? ಹೋಗು, ನಿನ್ನ ಪಾಡು ನೋಡ್ಕೋ.”

ಸಂಜೆ ನನ್ನ ಕಾವಲು ಸೈಪ್ರೆಸ್ ಕಾಡಿನ ಅಂಚಿಗೆ ಇತ್ತು, ಎಲ್ಕಾನಾ ಜೊತೆ. ಬೆಳಕು ಇನ್ನೂ ಇತ್ತು. ಜೆನೋಂ ನೇರವಾಗಿ ನನ್ನೆದುರಿಗೇ ಬಂದ. ಅಡಗಲಿಲ್ಲ.

“ಎಲ್ಲಿಗೆ?”

“ಕಾಡಿನ ಆಚೆಗೆ.”

ಕಾಡಿನ ಆಚೆ ಇಂಗ್ಲಿಷರ ಬಿಡಾರ. ಅವರ ಹಡಗು ಹತ್ತಿದ ಗುಲಾಮನನ್ನು ಅವರು ಹಿಂದಕ್ಕೆ ಕೊಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

“ಜೆನೋಂ, ಅವರು ಬಾಲ್ತಾಜಾರ್‌ನ ಕೊಂದೋರು. ಶತ್ರುಗಳ ಹತ್ರ ಹೋಗ್ತೀಯಾ?”

“ಯಾರ ಶತ್ರು ಅಣ್ಣಾ?” ಎಂದ. ಮೆಲ್ಲಗೆ, ಕೋಪವಿಲ್ಲದೆ. “ನನ್ನ ಕಿವಿ ಕುಯ್ದೋನು ಇಂಗ್ಲಿಷನಲ್ಲ. ನಾಳೆ ಬೆಳಿಗ್ಗೆ ಹಗ್ಗ ಹಾಕೋನು ಇಂಗ್ಲಿಷನಲ್ಲ. ನೀನು ಕಾವಲುಗಾರ. ಹೊಡೀಬೇಕು ಅಂದ್ರೆ ಹೊಡಿ, ಬೆನ್ನಿಗೆ ಬೇಡ, ಹಿಂಗೇ ನಿಂತಿರ್ತೀನಿ.”

ನನ್ನ ಕೋಟು ಬಿಚ್ಚಿ ಕೊಟ್ಟೆ. ಜೌಗಿನ ನೀರು ಸೊಂಟದವರೆಗೆ ಬರುತ್ತದೆ, ಚಳಿ. “ಎಡಗಡೆ ಹೋಗು, ದೊಡ್ಡ ಬೇರುಗಳ ಮೇಲೆ ಕಾಲಿಡು” ಎಂದೆ. ನಾನು ಸ್ವತಂತ್ರನೆಂಬ ಪತ್ರ ಆ ಕೋಟಿನ ಜೇಬಿನಲ್ಲೇ ಉಳಿದಿತ್ತು. ಅವನು ಅದನ್ನು ತೆಗೆದು ಹಿಂದಕ್ಕೆ ಚಾಚಿದ.

“ಇಟ್ಕೋ. ವಯಸ್ಸು ನನ್ನದೇ, ಮೈಕಟ್ಟೂ ಹೆಚ್ಚುಕಮ್ಮಿ ಒಂದೇ. ಕೇಳಿದ್ರೆ ಆನ್ಸೆಲ್ಮ್ ದುವೆರ್ನೆ ಅನ್ನು.”

“ನಿನಗೆ?”

“ನನ್ನನ್ನ ಊರಲ್ಲಿ ಎಲ್ಲರೂ ಬಲ್ಲರು.”

ಹಾಗೆ ಹೇಳಿದೆ. ನಿಜವೋ ಸುಳ್ಳೋ. ಅವನು ನೀರಿಗಿಳಿದ. ಎಲ್ಕಾನಾ ಇಪ್ಪತ್ತು ಹೆಜ್ಜೆ ಆಚೆ ನಿಂತು ಎಲ್ಲವನ್ನೂ ನೋಡಿದ್ದ. ಸ್ವಲ್ಪ ಹೊತ್ತಿಗೆ ಗಸ್ತಿನವನು ಬಂದು, ನೀರಿನ ಸದ್ದಾಯಿತಲ್ಲ, ಏನು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಎಲ್ಕಾನಾ ಉಗಿದು, “ಜಿಂಕೆ” ಎಂದ.

ಜನವರಿ 19

ಇಂಗ್ಲಿಷರ ಬಿಡಾರ ಬರಿದಾಗಿದೆ. ರಾತ್ರೋರಾತ್ರಿ ಹಡಗುಗಳ ಕಡೆ ಹೊರಟುಹೋಗಿದ್ದಾರೆ. ಗೆದ್ದೆವು.

ಜನವರಿ 25

ಚೌಕದಲ್ಲಿ ಕಮಾನು, ಹೂವು, ಬಿಳಿ ಬಟ್ಟೆಯ ಹುಡುಗಿಯರು, ಎಲ್ಲ ಮೊನ್ನೆ ಮುಗಿಯಿತು. ಎಲ್ಕಾನಾ ಜ್ವರದಲ್ಲಿ ಮಲಗಿದ್ದಾನೆ, ಉರ್ಸುಲ್ ಗಂಜಿ ಒಯ್ಯುತ್ತಾಳೆ.

ಇಂದು ಫಾರ್ಜೋ ತಾನೇ ಅಂಗಡಿಗೆ ಬಂದ. ಬಾಗಿಲಲ್ಲಿ ನಿಂತು, “ನನ್ನ ಆಳು ನಿನ್ನ ಕಾವಲು ದಾಟಿ ಹೋದನಂತೆ. ಎಲ್ಲಿ ನಿನ್ನ ಪತ್ರ? ತೋರಿಸು” ಎಂದ.

ಒಂದು ಕಾಲಕ್ಕೆ ಆ ಮಾತಿಗೆ ನನ್ನ ಕೈ ತಾನಾಗಿ ಎದೆಗೆ ಹೋಗುತ್ತಿತ್ತು. ನಾನು ಪೀಪಾಯಿಗೆ ಕಬ್ಬಿಣದ ಬಳೆ ಹೊಡೆಯುತ್ತಿದ್ದೆ, ಹೊಡೆಯುತ್ತಲೇ ಇದ್ದೆ.

“ಪತ್ರ ಇಲ್ಲ. ಕಳೆದುಹೋಯ್ತು.”

“ಪತ್ರ ಇಲ್ಲದ ಕರಿಯನನ್ನ ಏನಂತಾರೆ ಗೊತ್ತಲ್ಲ?”

“ಹೊರಗೆ ಹೋಗಿ ಕೇಳಿ ಸಾಹೇಬ್ರೇ. ಎಂಟನೇ ತಾರೀಖು ಗೋಡೆ ಮೇಲಿದ್ದೋರನ್ನ ಕೇಳಿ. ನೀವಿದ್ರಾ ಅಲ್ಲಿ? ನಾನು ನೋಡ್ಲಿಲ್ಲ.”

ಅವನು ಕೋಲೆತ್ತಿದ. ಬೀದಿಯಲ್ಲಿ ಹೋಗುತ್ತಿದ್ದ ನಮ್ಮ ತುಕಡಿಯ ಇಬ್ಬರು ಬಂದು ಬಾಗಿಲಲ್ಲಿ ಸುಮ್ಮನೆ ನಿಂತರು. ಅವನು ಕೋಲಿಳಿಸಿ ಹೋದ. ಉರ್ಸುಲ್ ಒಳಗಿನಿಂದ ಬಂದು ಬೀದಿಗೆ ಇಣುಕಿ ಅವನು ಹೋದದ್ದನ್ನು ಖಚಿತ ಮಾಡಿಕೊಂಡಳು. “ಸಾಯ್ತೀಯ ನೀನು” ಎಂದಳು. ಆಮೇಲೆ ನಗತೊಡಗಿದಳು.

ಫೆಬ್ರವರಿ 16

ಇಂದು ಬೆಳಿಗ್ಗೆ ಅಪ್ಪಣೆ ಬಂತು. ಕರಿಯರ ತುಕಡಿ ಕೋವಿಗಳನ್ನು ಶಸ್ತ್ರಾಗಾರಕ್ಕೆ ಒಪ್ಪಿಸಿ, ಸಲಿಕೆ ಪಡೆದು, ಊರಿನ ಹೊರಗಿನ ಜೌಗಿನಲ್ಲಿ ಒಡ್ಡು ಕಟ್ಟಲು ಹೊರಡಬೇಕು. ಬಿಳಿಯರ ತುಕಡಿಗಳು ಊರಿನಲ್ಲೇ ಇರುತ್ತವೆ. ಓದಿದ ಬಿಳಿಯ ಅಧಿಕಾರಿ ಕಾಗದ ಮಡಿಸಿ ನಮ್ಮನ್ನು ನೋಡಿದ. ಯಾರೂ ಕದಲಲಿಲ್ಲ. ನಮ್ಮ ಕ್ಯಾಪ್ಟನ್ ಕೂಡ.

“ಏನು? ಸಲಿಕೆ ಹಿಡಿಯೋಕೆ ನಾಚಿಕೆಯೋ?”

ಯಾರಾದರೂ ಉತ್ತರ ಕೊಡುತ್ತಾರೆಂದು ನೋಡಿದೆ. ಕೊಟ್ಟವನು ನಾನೇ ಆಗಿದ್ದೆ.

“ಸಲಿಕೆಗೆ ನಾಚಿಕೆ ಇಲ್ಲ ಸ್ವಾಮಿ. ಎರಡು ವಾರ ಹಿಡಿದಿದ್ದೀವಿ, ಇಂಗ್ಲಿಷರ ಮುಂದೆ. ನಿಮಗೆ ಈಗ ನಮ್ಮ ಕೈಲಿ ಕೋವಿ ನೋಡೋಕೆ ಹೆದರಿಕೆ. ಅದಕ್ಕೆ ಯಾರ ಕಣ್ಣಿಗೂ ಬೀಳದ ಕಡೆ ಕಳಿಸ್ತಿದ್ದೀರ. ನಾವು ಹೋಗಲ್ಲ.”

“ಇದು ದಂಗೆ. ಗಲ್ಲಿಗೇರಿಸಬಹುದು.”

“ಏರಿಸಿ. ಇಡೀ ತುಕಡಿಗೆ ಮರ ಹುಡುಕಬೇಕಾಗುತ್ತೆ.”

ಹಿಂದಿನಿಂದ ಯಾರೋ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ, “ಹೋಗಲ್ಲ” ಎಂದರು. ಎಲ್ಲರ ಬಾಯಲ್ಲೂ ಅದೇ ಒಂದು ಮಾತು. ಕ್ಯಾಪ್ಟನ್ ಕೊನೆಯಲ್ಲಿ ಟೋಪಿ ಸರಿಮಾಡಿಕೊಂಡು ಅಧಿಕಾರಿಗೆ, “ಕೇಳಿಸ್ತಲ್ಲ ಸ್ವಾಮಿ. ಸಾಯೋಕೆ ಬೇಕಾದ್ರೆ ಕರೀರಿ, ಬರ್ತೀವಿ. ಹಿಂಗೆ ಬರಲ್ಲ. ಹಂಗೇ ಬರ್ಕೊಳ್ಳಿ” ಎಂದರು.

ನಾವು ಕೋವಿ ಒಪ್ಪಿಸಲಿಲ್ಲ. ಹೆಗಲಿಗೇರಿಸಿ, ನಾಲ್ಕು ನಾಲ್ಕು ಜನರ ಸಾಲಿನಲ್ಲಿ, ಹಾಡುಹಗಲೇ ನಡುಬೀದಿಯಲ್ಲಿ ಮನೆಗೆ ನಡೆದೆವು. ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಯಾರು ನಿಂತಿದ್ದರು, ಯಾರು ದಾರಿ ಬಿಟ್ಟರು ಎಂದು ಉರ್ಸುಲ್ ಕೇಳಿದಳು. ನನಗೆ ಗೊತ್ತಿಲ್ಲ, ನೋಡಲಿಲ್ಲ. ನನ್ನ ಬಲಕ್ಕಿದ್ದವನಿಗೆ ಕಾಲು ಕುಂಟು, ಅವನ ಹೆಜ್ಜೆಗೆ ಹೊಂದಿಸಿಕೊಂಡು ನಡೆಯುವುದರಲ್ಲೇ ನನ್ನ ಗಮನವೆಲ್ಲ ಇತ್ತು.

ನಾಳೆ ಹಿಡಿಯಲು ಬರುತ್ತಾರೋ ಏನೋ. ಬಂದರೆ ಅಂಗಡಿಯಲ್ಲೇ ಇರುತ್ತೇನೆ.